ಕಾಡುದಾರಿಯ ಗಾಡಿಗೆ ಸ್ಟೀರಿಂಗ್, ಸಸ್ಪೆನ್ಷನ್ ಬಿಡಿಭಾಗಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಕಳೆದು ತೋಟದ ದಾರಿಗಳು ಒಣಗಲು ಶುರುವಾದೊಡನೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯ ಬದಲಾಗುತ್ತದೆ. ನಾಲ್ಕು ತಿಂಗಳು ಕೆಸರು, ಕಲ್ಲು, ಹಳ್ಳದ ನೀರಿನಲ್ಲಿ ದುಡಿದ ಗಾಡಿಗಳ ಕೀಲುಗಳು ಆಗ ಒಂದೊಂದಾಗಿ ಸದ್ದು ಮಾಡತೊಡಗುತ್ತವೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ಕುರಿತಾದವು. ಆದುದರಿಂದ ಪೂರ್ತಿ ಅಂಕಣವನ್ನು ಅದಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ನನ್ನಲ್ಲಿ 1998ರ ಜಿಪ್ಸಿ ಕಿಂಗ್ ಇದೆ. ಕಾಫಿ ತೋಟದ ಕೆಲಸಕ್ಕೂ ಪೇಟೆಗೆ ಹೋಗಿಬರಲಿಕ್ಕೂ ಅದೇ ಗಾಡಿ. ಎರಡು ವರ್ಷದ ಹಿಂದೆ 235/75 ಆರ್15 ಟೈರ್ ಹಾಕಿಸಿ, ಎತ್ತರಕ್ಕಾಗಿ ಮೂಲಕ್ಕಿಂತ ಎರಡು ಇಂಚು ಹೆಚ್ಚು ಉದ್ದದ ಶ್ಯಾಕಲ್ (ಕಮಾನ್‌ಪಟ್ಟಿ ಎಂಬ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿಯುವ ಕೊಂಡಿ) ಕೂಡಿಸಿದೆ. ಮೂರು ತಿಂಗಳಿಂದ, 60 ಕಿ.ಮೀ. ವೇಗದಲ್ಲಿ ಗುಂಡಿಯೊಂದನ್ನು ದಾಟಿದರೆ ಸ್ಟೀರಿಂಗ್ ಹುಚ್ಚು ಹಿಡಿದಂತೆ ಎಡಬಲಕ್ಕೆ ಹೊಡೆದುಕೊಳ್ಳುತ್ತದೆ, ಗಾಡಿ ನಿಲ್ಲಿಸುವವರೆಗೆ ಬಿಡುವುದಿಲ್ಲ. ಒಬ್ಬ ಮೆಕ್ಯಾನಿಕ್ ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ದಪ್ಪ ಟೈರಾಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳು) ಸಮೇತ ಪೂರ್ತಿ ಕಿಟ್ ತರಿಸಿ ಎನ್ನುತ್ತಾರೆ. ಯಾವುದನ್ನು ಕೊಳ್ಳಲಿ? — ಓದುಗರು, ಮೂಡಿಗೆರೆ

ಉತ್ತರ: ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ತಾವು ವರ್ಣಿಸಿದ ನಡುಕ ಮುಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಆಕ್ಸಲಿಗೆ ಕೂತಿರುವ ಗಾಡಿಗಳಿಗೆ ಅಂಟಿದ ಹಳೆಯ ಕಾಯಿಲೆ. ಒಂದು ಚಕ್ರ ಗುಂಡಿಗೆ ಬಿದ್ದು ಅಲುಗಿದಾಗ ಆ ಅಲುಗಾಟವು ಟೈರಾಡಿನ ಮೂಲಕ ಇನ್ನೊಂದು ಚಕ್ರಕ್ಕೆ ದಾಟುತ್ತದೆ, ಅಲ್ಲಿಂದ ಮರಳಿ ಬರುತ್ತದೆ. ಕೀಲುಗಳೆಲ್ಲ ಬಿಗಿಯಾಗಿದ್ದರೆ ಎರಡು ಮೂರು ಹೊಡೆತದಲ್ಲಿ ಅದು ತಣ್ಣಗಾಗುತ್ತದೆ. ಎಲ್ಲೋ ಒಂದು ಕಡೆ ಸಡಿಲವಿದ್ದರೆ, ಅಂದರೆ ಗ್ಯಾರೇಜಿನವರ ಮಾತಿನಲ್ಲಿ 'ಪ್ಲೇ' ಇದ್ದರೆ, ಪ್ರತಿ ಸುತ್ತಿಗೂ ಬಲ ಕೂಡಿಕೊಂಡು ಬೆಳೆಯುತ್ತದೆ. ಡ್ಯಾಂಪರ್ ಈ ಬೆಳವಣಿಗೆಯನ್ನು ಅಮುಕಿ ಹಿಡಿಯುತ್ತದೆಯೇ ಹೊರತು ಸಡಿಲವಾದ ಕೀಲನ್ನು ಬಿಗಿ ಮಾಡುವುದಿಲ್ಲ. ಆರು ತಿಂಗಳ ಬಳಿಕ ಡ್ಯಾಂಪರ್ ಸೋತಾಗ ಅದೇ ನಡುಕ ಇನ್ನಷ್ಟು ಸವೆದ ಕೀಲುಗಳೊಂದಿಗೆ ಮರಳಿ ಬರುತ್ತದೆ.

ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚೇನೂ ಇಲ್ಲ, ಇಬ್ಬರು ಬೇಕು ಅಷ್ಟೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ, ನಾಲ್ಕೂ ಚಕ್ರ ನೆಲದ ಮೇಲೆ ಇರುವಂತೆ, ಎಂಜಿನ್ ಬಂದ್ ಮಾಡಿ ನಿಲ್ಲಿಸಿ. ಒಬ್ಬರು ಸ್ಟೀರಿಂಗನ್ನು ಗಡಿಯಾರದ ಹನ್ನೊಂದರಿಂದ ಒಂದರವರೆಗೆ ಸರಸರನೆ ಅತ್ತಿತ್ತ ತಿರುಗಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಮಲಗಿ ಸ್ಟೀರಿಂಗ್ ಬಾಕ್ಸಿನಿಂದ ಆರಂಭಿಸಿ ಪಿಟ್‌ಮನ್ ಆರ್ಮ್ (ಬಾಕ್ಸಿನ ತೋಳು), ಡ್ರ್ಯಾಗ್ ಲಿಂಕ್ (ಆ ತೋಳಿನಿಂದ ಚಕ್ರದ ಕಡೆಗೆ ಹೋಗುವ ಸರಳು), ಟೈರಾಡ್ ಎಂಡ್ (ಟೈರಾಡಿನ ತುದಿಯ ಕೀಲು) ಹೀಗೆ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಲಿ. ಒಂದು ತುಂಡು ಅಲುಗಿದ ಮೇಲೆ ಪಕ್ಕದ ತುಂಡು ತಡವಾಗಿ ಅಲುಗಿತೆಂದರೆ ನಡುವಿನ ಕೀಲು ಸವೆದಿದೆ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರ್ ಸಡಿಲವೂ ಬೆರಳಿಗೆ ತಿಳಿಯುತ್ತದೆ. ಹಾಗೆಯೇ ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗದಲ್ಲಿ ಚಾಸಿಗೆ ಬಿರುಕು ಬಿಟ್ಟಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಇಷ್ಟು ಹಳೆಯ ಗಾಡಿಯಲ್ಲಿ, ಅದರಲ್ಲೂ ದೊಡ್ಡ ಟೈರ್ ಹಾಕಿದ ಗಾಡಿಯಲ್ಲಿ, ಇದು ಅಪರೂಪವಲ್ಲ.

ನಂತರ ಮುಂದಿನ ಚಕ್ರವನ್ನು ಜಾಕಿಯ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟೈರಿನ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ. ಸಡಿಲ ಕಂಡುಬಂದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ದೋಷ ಚಕ್ರದ ಬೇರಿಂಗಿನದು. ಒತ್ತಿದ ಮೇಲೂ ಉಳಿದರೆ, ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್ ಬೇರಿಂಗಿನದು. ತಮ್ಮ ಪತ್ರವನ್ನು ಓದಿದಾಗ ನನ್ನ ಅನುಮಾನ ಹೋಗುವುದು ಈ ಕಿಂಗ್‌ಪಿನ್ ಕಡೆಗೇ. ಜಿಪ್ಸಿಯ ಮುಂದಿನ ಆಕ್ಸಲ್ ತುದಿಯ ಗುಂಡಿನೊಳಗೆ ಮೇಲೊಂದು ಕೆಳಗೊಂದು ಬೇರಿಂಗ್ ಇರುತ್ತವೆ. ಹೊರಗಿನ ಒರೆಸುವ ಸೀಲ್ ಹರಿದರೆ ಹಳ್ಳದ ನೀರು ಒಳಗೆ ಇಳಿಯುತ್ತದೆ. ಒಳಗಿನ ಆಯಿಲ್ ಸೀಲ್ ಸೋತರೆ ಗೇರ್ ಆಯಿಲ್ ಬಂದು ಗ್ರೀಸನ್ನು ತೊಳೆದುಬಿಡುತ್ತದೆ. ಗಾಡಿ ಬಹುಪಾಲು ನೇರವಾಗಿಯೇ ಓಡುವುದರಿಂದ ಬೇರಿಂಗಿನ ರೋಲರುಗಳು ಒಂದೇ ಜಾಗದಲ್ಲಿ ಬಡಿದು ಬಡಿದು ಅಲ್ಲಿ ಗುಳಿ ಬೀಳುತ್ತವೆ. ಚಕ್ರದ ಹಿಂಭಾಗದಲ್ಲಿ ಕಪ್ಪು ಎಣ್ಣೆಯ ರಾಡಿ ಕಂಡರೆ ಅದನ್ನು ಕೆಸರೆಂದು ತೊಳೆದು ಸುಮ್ಮನಾಗಬೇಡಿ.

ಬದಲಿಸುವಾಗ ಎರಡೂ ಕಡೆಯ ಬೇರಿಂಗ್, ಸೀಲ್ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಿ. ಕಿಂಗ್‌ಪಿನ್ನಿನ ಕೆಳಗೆ ಕೂರುವ ತೆಳ್ಳನೆಯ ಲೋಹದ ಬಿಲ್ಲೆಗಳಾದ ಶಿಮ್‌ಗಳ ಲೆಕ್ಕದ ಮೇಲೆ ಬೇರಿಂಗಿನ ಬಿಗಿತ ನಿಂತಿದೆ. ಶಿಮ್ ತೆಗೆದರೆ ಬಿಗಿ ಹೆಚ್ಚುತ್ತದೆ, ಸೇರಿಸಿದರೆ ಕಡಿಮೆಯಾಗುತ್ತದೆ. ಟೈರಾಡ್ ಬಿಚ್ಚಿಟ್ಟು, ನಕಲ್ (ಚಕ್ರವನ್ನು ಹೊತ್ತು ತಿರುಗುವ, ಆಕ್ಸಲ್ ತುದಿಯ ತುಂಡು) ತೋಳಿಗೆ ಸ್ಪ್ರಿಂಗ್ ತಕ್ಕಡಿಯನ್ನು ಕಟ್ಟಿ ಎಳೆದು, ಕಂಪನಿಯ ಕೈಪಿಡಿ ಹೇಳಿದ ತೂಕಕ್ಕೆ ಅದು ತಿರುಗುವಂತೆ ಹೊಂದಿಸುವುದು ಸರಿಯಾದ ಕ್ರಮ. ಹಳೆಯ ಶಿಮ್‌ಗಳನ್ನೇ ಎಣಿಸದೆ ವಾಪಸು ಹಾಕಿ 'ಕೈಯಲ್ಲಿ ನೋಡಿದೆ, ಸರಿಯಿದೆ' ಎನ್ನುವ ಕೆಲಸಗಾರರಿದ್ದರೆ ಬೇರೆ ಗ್ಯಾರೇಜ್ ಹುಡುಕಿಕೊಳ್ಳಿ.

ಇನ್ನು ಶ್ಯಾಕಲಿನ ವಿಷಯ. ಜಿಪ್ಸಿಯ ಮುಂದಿನ ಕಮಾನ್‌ಪಟ್ಟಿಗೆ ಶ್ಯಾಕಲ್ ಇರುವುದು ಪಟ್ಟಿಯ ಮುಂತುದಿಯಲ್ಲಿ. ಅದನ್ನು ಎರಡು ಇಂಚು ಉದ್ದ ಮಾಡಿದಾಗ ಗಾಡಿ ಏಳುವುದು ಸುಮಾರು ಒಂದು ಇಂಚು ಮಾತ್ರ, ಏಕೆಂದರೆ ಆಕ್ಸಲ್ ಪಟ್ಟಿಯ ನಡುವಿನಲ್ಲಿದೆ. ಆದರೆ ಪಟ್ಟಿಯ ಒಂದೇ ತುದಿ ಕೆಳಗಿಳಿದುದರಿಂದ ಆಕ್ಸಲ್ ಮುಂದಕ್ಕೆ ವಾಲುತ್ತದೆ. 90 ಸೆಂ.ಮೀ. ಉದ್ದದ ಪಟ್ಟಿಯ ಒಂದು ತುದಿ 5 ಸೆಂ.ಮೀ. ಇಳಿದರೆ ವಾಲುವ ಕೋನ 3 ಡಿಗ್ರಿ ದಾಟುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವಂತೆ ಮಾಡುವ ಕ್ಯಾಸ್ಟರ್ ಕೋನ ಇಂತಹ ಗಾಡಿಗಳಲ್ಲಿ ಇರುವುದೇ ಮೂರು ನಾಲ್ಕು ಡಿಗ್ರಿ. ಅಂದರೆ ಒಂದು ಇಂಚು ಎತ್ತರಕ್ಕಾಗಿ ತಾವು ಕ್ಯಾಸ್ಟರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಒತ್ತೆಯಿಟ್ಟಿದ್ದೀರಿ. ಎರಡು ವರ್ಷ ನಡುಕ ಬಾರದಿದ್ದುದು ಆಗ ಕೀಲುಗಳು ಬಿಗಿಯಾಗಿದ್ದುದರಿಂದ.

ಮೂಲ ಉದ್ದದ ಶ್ಯಾಕಲಿಗೆ ಮರಳುವುದು ನನ್ನ ಸಲಹೆ. ಎತ್ತರ ಬೇಕೇ ಬೇಕೆಂದಿದ್ದರೆ ಹೆಚ್ಚು ಬಾಗು ಇರುವ ಹೊಸ ಪಟ್ಟಿಗಳನ್ನು ಹಾಕಿಸಬೇಕು. ಆಗ ಎರಡೂ ತುದಿ ಸಮನಾಗಿ ಏಳುತ್ತವೆ. ಪಟ್ಟಿ ಮತ್ತು ಆಕ್ಸಲಿನ ನಡುವೆ ಬೆಣೆಯಾಕಾರದ ತುಂಡು ಕೊಟ್ಟು ಕ್ಯಾಸ್ಟರ್ ಸರಿಪಡಿಸುವ ಉಪಾಯವೂ ಇದೆ. ಅದನ್ನು ಮಾಡಿಸುವುದಾದರೆ ಉಕ್ಕಿನ ಬೆಣೆ ಇರಲಿ, ಅಲ್ಯೂಮಿನಿಯಂ ಬೇಡ. ಬಡಿತಕ್ಕೆ ಅದು ಜಜ್ಜಿಹೋಗಿ, ಪಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಸಡಿಲಾಗುತ್ತದೆ. ಕ್ಯಾಸ್ಟರ್ ಹೆಚ್ಚಿದಷ್ಟೂ ಪಿನಿಯನ್ ಮೂತಿ, ಅಂದರೆ ಎಂಜಿನ್ ಬಲ ಆಕ್ಸಲಿಗೆ ಬರುವ ತುದಿ, ಕೆಳಗೆ ತಿರುಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ ಕೋನ ಹೆಚ್ಚಾಗುತ್ತದೆ ಎಂಬುದೂ ನೆನಪಿರಲಿ.

ದಪ್ಪ ಟೈರಾಡ್ ಬಗ್ಗೆ ಒಂದು ಮಾತು. ಕಲ್ಲಿಗೆ ಹೊಡೆದು ಟೈರಾಡ್ ಬಾಗುವ ದಾರಿಯಲ್ಲಿ ದಿನವೂ ಓಡಾಡುವವರಿಗೆ ಅದು ಉಪಯುಕ್ತ. ಆದರೆ ಬಾಗದ ರಾಡ್ ಆ ಹೊಡೆತವನ್ನು ನಕಲ್ ತೋಳಿಗೂ ಸ್ಟೀರಿಂಗ್ ಬಾಕ್ಸಿಗೂ ದಾಟಿಸುತ್ತದೆ; ಬಾಗಿದ ರಾಡಿಗಿಂತ ಒಡೆದ ಬಾಕ್ಸ್ ದುಬಾರಿ. ಟೈರಿನ ಲೆಕ್ಕವನ್ನೂ ನೋಡೋಣ: ಕಂಪನಿಯ 205/70 ಆರ್15 ಟೈರಿನ ವ್ಯಾಸ 668 ಮಿ.ಮೀ.; ತಮ್ಮದು ಸುಮಾರು 733 ಮಿ.ಮೀ. ಇದರಿಂದ ಆಕ್ಸಲಿನ ನಡುವಿನ ಗುಂಡು (ಡಿಫರೆನ್ಷಿಯಲ್) ನೆಲದಿಂದ 33 ಮಿ.ಮೀ. ಮೇಲೆದ್ದಿದೆ, ಅದು ನಿಜವಾದ ಲಾಭ. ಗಟ್ಟಿ ಆಕ್ಸಲಿನ ಗಾಡಿಯಲ್ಲಿ ಸ್ಪ್ರಿಂಗ್, ಶ್ಯಾಕಲುಗಳನ್ನು ಎಷ್ಟು ಎತ್ತರಿಸಿದರೂ ಆ ಗುಂಡು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಭಾರದ ಟೈರಿಗೆ ಬ್ಯಾಲೆನ್ಸಿಂಗ್ ತಪ್ಪಿದ್ದರೂ ನಡುಕ ಶುರುವಾಗಬಹುದಾದ್ದರಿಂದ, ಪಕ್ಕದ ತೋಟದವರ ಜಿಪ್ಸಿಯ ಟೈರುಗಳನ್ನು ಒಂದು ಗಂಟೆಯ ಮಟ್ಟಿಗೆ ಕೇಳಿ ಪಡೆದು ಹಾಕಿ ನೋಡಿದರೆ ಅರ್ಧ ಅನುಮಾನ ಪರಿಹಾರವಾಗುತ್ತದೆ.

ಪ್ರಶ್ನೆ: ಮಡಿಕೇರಿ ಸುತ್ತಮುತ್ತ ಪ್ರವಾಸಿಗರನ್ನು ಗುಡ್ಡಕ್ಕೆ ಕರೆದೊಯ್ಯುವ ಹಳೆಯ ಮಹೀಂದ್ರ ಜೀಪ್ ನನ್ನದು. ಹಿಂದಿನ ಕಮಾನ್‌ಪಟ್ಟಿ ವರ್ಷಕ್ಕೆರಡು ಬಾರಿ ಮುರಿಯುತ್ತಿದೆ. ಮುರಿದ ಪಟ್ಟಿಯನ್ನಷ್ಟೇ ಬದಲಿಸಿ, ಗಟ್ಟಿಯಾಗಲೆಂದು ದಪ್ಪನೆಯ ಇನ್ನೊಂದು ಪಟ್ಟಿ ಸೇರಿಸುತ್ತೇನೆ. ಆದರೂ ಮುರಿಯುತ್ತದೆ. ಒಳ್ಳೆಯ ಕಂಪನಿಯ ಪಟ್ಟಿ ಯಾವುದು ಹೇಳಿ. — ಜೀಪ್ ಮಾಲೀಕರು, ಕೊಡಗು

ಉತ್ತರ: ಕಂಪನಿಯ ಹೆಸರಿಗಿಂತ ಮೊದಲು ಪಟ್ಟಿ ಎಲ್ಲಿ ಮುರಿಯುತ್ತಿದೆ ಎಂದು ತಿಳಿಯಬೇಕಿತ್ತು, ತಾವು ಅದನ್ನು ಬರೆದಿಲ್ಲ. ನಡುವಿನಲ್ಲಿ, ಸೆಂಟರ್ ಬೋಲ್ಟಿನ ತೂತಿನ ಬಳಿ ಮುರಿಯುತ್ತಿದ್ದರೆ ತಪ್ಪು ಪಟ್ಟಿಯದಲ್ಲ, ಯು-ಬೋಲ್ಟಿನದು. ಯು-ಬೋಲ್ಟ್ ಬಿಗಿಯಾಗಿ ಹಿಡಿದಿರುವಾಗ ಪಟ್ಟಿಯ ನಡುಭಾಗ ಬಾಗುವುದೇ ಇಲ್ಲ. ಸಡಿಲವಾದಾಗ ಅಲ್ಲಿಯೇ ಬಾಗತೊಡಗುತ್ತದೆ, ಮತ್ತು ತೂತಿರುವ ಜಾಗವೇ ಅತ್ಯಂತ ದುರ್ಬಲ. ಪಟ್ಟಿ ಬಿಚ್ಚಿದಾಗಲೆಲ್ಲ ಹಳೆಯ ಯು-ಬೋಲ್ಟನ್ನೇ ಮತ್ತೆ ಬಿಗಿಯುವುದು ನಮ್ಮಲ್ಲಿ ರೂಢಿ. ಒಮ್ಮೆ ಹಿಗ್ಗಿದ ಬೋಲ್ಟಿನ ಎಳೆಗಳು ಮತ್ತೆ ಸರಿಯಾದ ಬಿಗಿತ ಹಿಡಿಯುವುದಿಲ್ಲ. ಪ್ರತಿ ಸಲವೂ ಹೊಸ ಯು-ಬೋಲ್ಟ್ ಹಾಕಿ, ನಾಲ್ಕು ನಟ್ಟುಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಐನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಸಿ. ಪಟ್ಟಿಯ ಖರ್ಚಿನ ಮುಂದೆ ಇದು ಏನೂ ಅಲ್ಲ.

ಕಿವಿಯ (ಪಟ್ಟಿಯ ತುದಿಯ ಸುರುಳಿಯ) ಬಳಿ ಮುರಿಯುತ್ತಿದ್ದರೆ ಅದರೊಳಗಿನ ಬುಷ್ ಸವೆದಿದೆ, ಇಲ್ಲವೇ ಶ್ಯಾಕಲ್ ಜಾಮ್ ಆಗಿದೆ. ಪಟ್ಟಿಗಳನ್ನು ಒಟ್ಟು ಹಿಡಿಯುವ ಕ್ಲಿಪ್ಪುಗಳು ಕಳಚಿಹೋಗಿದ್ದರೂ ಹೀಗಾಗುತ್ತದೆ. ಗಾಡಿ ಹಾರಿ ಇಳಿಯುವಾಗ, ಅಂದರೆ ಚಕ್ರ ಕೆಳಗೆ ಜೋತುಬಿದ್ದಾಗ, ಆ ಕ್ಲಿಪ್ಪುಗಳಿದ್ದರೆ ಮಾತ್ರ ಉಳಿದ ಪಟ್ಟಿಗಳು ಮೇನ್ ಪಟ್ಟಿಗೆ ಹೆಗಲು ಕೊಡುತ್ತವೆ; ಇಲ್ಲದಿದ್ದರೆ ಮೇನ್ ಪಟ್ಟಿ ಒಂಟಿ. ಹಳೆಯ ವಿಲ್ಲಿಸ್ ಜೀಪ್ ಕಾಲದ ವಿನ್ಯಾಸದ, ಎಳೆಯಿರುವ ಯು ಆಕಾರದ ಶ್ಯಾಕಲ್ ತಮ್ಮ ಜೀಪಿನಲ್ಲಿದ್ದರೆ ಅದಕ್ಕೆ ಗ್ರೀಸ್ ಹೋಗುತ್ತಿದೆಯೇ ಎಂದು ನೋಡಿ. ನಿಪ್ಪಲ್ ಮೇಲೆ ಗ್ರೀಸ್ ಮೆತ್ತಿಕೊಂಡಿದ್ದ ಮಾತ್ರಕ್ಕೆ ಒಳಗೆ ಹೋಗಿದೆ ಎಂದಲ್ಲ.

ದಪ್ಪ ಪಟ್ಟಿ ಸೇರಿಸುವ ಅಭ್ಯಾಸವನ್ನು ಬಿಡಬೇಕೆಂದು ಖಂಡಿತವಾಗಿ ಹೇಳುತ್ತೇನೆ. ಪಟ್ಟಿಯ ಗಡಸುತನ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 6 ಮಿ.ಮೀ. ಪಟ್ಟಿಗೆ ಹೋಲಿಸಿದರೆ 7 ಮಿ.ಮೀ. ಪಟ್ಟಿ ಆರನೇ ಒಂದು ಪಾಲು ಗಟ್ಟಿಯಲ್ಲ, ಸುಮಾರು ಅರವತ್ತು ಶೇಕಡಾ ಗಟ್ಟಿ. ತೆಳ್ಳನೆಯ ಐದು ಪಟ್ಟಿಗಳ ನಡುವೆ ಇಂತಹದೊಂದು ಕೂತಾಗ ಎಲ್ಲವೂ ಒಂದೇ ಸಮ ಬಾಗುವ ಬದಲು ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಮತ್ತು ಅದರ ತುದಿ ತಾಗುವ ಜಾಗದಲ್ಲಿ ಮೇಲಿನ ಪಟ್ಟಿ ಕತ್ತರಿಸಿದಂತೆ ತುಂಡಾಗುತ್ತದೆ. ತಾವು ಗಟ್ಟಿ ಮಾಡಲು ಹೋಗಿ ಮುರಿಯುವ ಜಾಗವನ್ನು ತಾವೇ ಗುರುತು ಹಾಕಿಕೊಟ್ಟಂತಾಗಿದೆ.

ಸರಿಯಾದ ದಾರಿ ಎಂದರೆ ಎಡಬಲ ಎರಡೂ ಕಡೆಗೆ ಪೂರ್ತಿ ಸೆಟ್ ಹೊಸದಾಗಿ ಹಾಕುವುದು. ಜಮ್ನಾ ಆಟೋದಂತಹ ದೊಡ್ಡ ತಯಾರಕರ ಸೆಟ್ಟುಗಳು ಸಿಗುತ್ತವೆ. ಸ್ಥಳೀಯ ಕಮಾನ್ ಕೆಲಸದವರಲ್ಲಿಯೂ ಒಳ್ಳೆಯವರಿದ್ದಾರೆ. ಆದರೆ ಹಳೆಯ ಪಟ್ಟಿಯನ್ನು ಕಾಯಿಸಿ ಹೊಡೆದು ಬಾಗಿಸಿ ಕೊಡುವವರನ್ನು ಒಂದು ಪ್ರಶ್ನೆ ಕೇಳಿ: ಬಾಗಿಸಿದ ಮೇಲೆ ಎಣ್ಣೆಯಲ್ಲಿ ಅದ್ದಿ ಮತ್ತೆ ಹದ ಮಾಡುತ್ತೀರಾ? 'ಅದೆಲ್ಲ ಬೇಡ ಸಾರ್' ಎಂಬ ಉತ್ತರ ಬಂದರೆ ಆ ಬಾಗು ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಎಷ್ಟು ಜನರನ್ನು ಕೂರಿಸುತ್ತೀರಿ ಎಂಬುದನ್ನೂ ತಾವು ಬರೆದಿಲ್ಲ. ಬರೆಯದಿರುವುದಕ್ಕೆ ಕಾರಣವಿದ್ದೀತು, ನೋಂದಣಿ ಪತ್ರದಲ್ಲಿ ನಮೂದಾದ ಸಂಖ್ಯೆಯನ್ನು ಮೀರಿದ ಭಾರಕ್ಕೆ ಯಾವ ತಯಾರಕರ ಪಟ್ಟಿಯೂ ಹೊಣೆಯಲ್ಲ.

ಪ್ರಶ್ನೆ: 2021ರ ಥಾರ್ ಕೊಂಡಿದ್ದೇನೆ. ತಿಂಗಳಿಗೊಮ್ಮೆ ಗೆಳೆಯರೊಡನೆ ಸಕಲೇಶಪುರದ ಕಡೆ ಹೋಗುತ್ತೇನೆ. ಎರಡು ಇಂಚು ಲಿಫ್ಟ್ (ಗಾಡಿಯನ್ನು ಎತ್ತರಿಸುವ ಕಿಟ್) ಮತ್ತು ಗ್ಯಾಸ್ ತುಂಬಿದ ಮೋನೋಟ್ಯೂಬ್ (ಒಂದೇ ಕೊಳವೆಯ) ಶಾಕ್ ಅಬ್ಸಾರ್ಬರ್ ಹಾಕಿಸಬೇಕೆಂದಿದ್ದೇನೆ. ಯಾವುದು ಒಳ್ಳೆಯದು? — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: 2020ರಿಂದ ಬಂದ ಥಾರ್‌ನ ನೆಲದೆತ್ತರ ಕಂಪನಿಯಿಂದಲೇ 226 ಮಿ.ಮೀ. ಇದೆ. ತಿಂಗಳಿಗೊಮ್ಮೆ ಹೋಗುವ ದಾರಿಯಲ್ಲಿ ಅಡಿಭಾಗ ನಿಜವಾಗಿಯೂ ಎಲ್ಲಿ ತಗಲುತ್ತಿದೆ? ಒಂದು ಪ್ರವಾಸ ಮುಗಿಸಿ ಬಂದು ಗಾಡಿಯ ಕೆಳಗೆ ಗೀಚು ಬಿದ್ದ ಜಾಗಗಳನ್ನು ನೋಡಿ. ಹಿಂದಿನ ಗಟ್ಟಿ ಆಕ್ಸಲಿನ ಗುಂಡಿಗೆ ಮಾತ್ರ ತಗಲಿದ್ದರೆ ಲಿಫ್ಟಿನಿಂದ ಅದು ಬದಲಾಗದು ಎಂದು ಮೇಲೆಯೇ ಹೇಳಿದ್ದೇನೆ.

ಮುಂಭಾಗದಲ್ಲಿ ಇರುವುದು ಎರಡು ವಿಶ್‌ಬೋನ್‌ಗಳ (ಮೇಲೊಂದು ಕೆಳಗೊಂದು ತೋಳಿನ) ಸ್ವತಂತ್ರ ಸಸ್ಪೆನ್ಷನ್. ಅಲ್ಲಿ ಉದ್ದನೆಯ ಶಾಕ್ ಅಥವಾ ಸ್ಪೇಸರ್ ಕೊಟ್ಟು ಎತ್ತಿದಾಗ ತೋಳುಗಳು ಕೆಳಮುಖವಾಗಿ ನಿಲ್ಲುತ್ತವೆ. ಬಾಲ್ ಜಾಯಿಂಟ್, ಟೈರಾಡ್ ಎಂಡ್ ಮತ್ತು ಡ್ರೈವ್ ಶಾಫ್ಟ್ ಮೂರಕ್ಕೂ ದಿನವಿಡೀ ಓರೆಯಾಗಿಯೇ ದುಡಿಯುವ ಪಾಡು. ಚಕ್ರ ಕೆಳಗಿಳಿಯಲು ಉಳಿದ ಜಾಗ ಕಡಿಮೆಯಾಗುವುದರಿಂದ ಹೊಂಡಗಳಲ್ಲಿ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ನಿಲ್ಲುವುದು ಹೆಚ್ಚುತ್ತದೆ. ಎರಡು ಇಂಚಿನ ಲಿಫ್ಟ್ ಮಾಡಿಸಿದವರು ಮೇಲಿನ ತೋಳನ್ನೂ ಬದಲಿಸದಿದ್ದರೆ ಅಲೈನ್‌ಮೆಂಟ್ ಯಂತ್ರದ ಮುಂದೆ ಕ್ಯಾಸ್ಟರ್, ಕ್ಯಾಂಬರ್ (ಚಕ್ರ ಒಳಕ್ಕೆ ಹೊರಕ್ಕೆ ವಾಲುವ ಕೋನ) ಹೊಂದದೆ ಪರದಾಡುವುದನ್ನು ಹಲವು ಬಾರಿ ನೋಡಿದ್ದೇನೆ. ಕಿಟ್ಟಿನ ಬೆಲೆ ಕೇಳುವಾಗ ತೋಳು, ಬ್ರೇಕ್ ಹೋಸ್, ಅಲೈನ್‌ಮೆಂಟ್ ಇವೆಲ್ಲ ಸೇರಿ ಎಷ್ಟು ಎಂದು ಕೇಳಿ.

ಶಾಕ್ ಬಗ್ಗೆ: ಮೋನೋಟ್ಯೂಬ್ ಶಾಕ್ ಬೇಗ ತಣಿಯುತ್ತದೆ, ನೊರೆಯಾಗುವುದಿಲ್ಲ, ಮರಳುಗಾಡಿನಲ್ಲಿ ಅಥವಾ ಏಣಿಮೆಟ್ಟಿಲಿನಂತಹ ದಾರಿಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿಸುವವರಿಗೆ ಅದು ವರ. ಸಕಲೇಶಪುರದ ತೋಟದ ದಾರಿಗಳಲ್ಲಿ ಮೊದಲನೇ ಎರಡನೇ ಗೇರಿನಲ್ಲಿ ಹತ್ತುವಾಗ ಶಾಕ್ ಅಷ್ಟು ಕಾಯುವುದೇ ಇಲ್ಲ. ಬದಲಿಗೆ ಅಲ್ಲಿನ ಕಲ್ಲುಗಳು ಶಾಕಿನ ಮೈಗೆ ಹೊಡೆಯುತ್ತವೆ. ಮೋನೋಟ್ಯೂಬಿನಲ್ಲಿ ಹೊರಗಿನ ಕೊಳವೆಯೇ ಪಿಸ್ಟನ್ ಓಡುವ ಸಿಲಿಂಡರ್ ಆದುದರಿಂದ ಒಂದು ಚಿಕ್ಕ ತಗ್ಗು ಬಿದ್ದರೂ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯ ಶಾಕಿನಲ್ಲಿ ಹೊರಮೈ ತಗ್ಗಾದರೂ ಕೆಲಸ ನಡೆಯುತ್ತದೆ. ತಮ್ಮ ಬಳಕೆಗೆ ಒಳ್ಳೆಯ ತಯಾರಕರ ಎರಡು ಕೊಳವೆಯ ಗ್ಯಾಸ್ ಶಾಕ್ ಸಾಕು ಎಂಬುದು ನನ್ನ ಅಭಿಪ್ರಾಯ. ಯಾವುದನ್ನೇ ಆರಿಸಿದರೂ ಅಳತೆ ತೆಗೆದೇ ಆರಿಸಬೇಕು: ಚಕ್ರ ಬಂಪ್ ಸ್ಟಾಪಿಗೆ (ಅದು ಮೇಲೇರುವುದನ್ನು ತಡೆಯುವ ರಬ್ಬರಿಗೆ) ಪೂರ್ತಿ ಒತ್ತಿದಾಗ ಶಾಕಿನ ಎರಡು ಕಿವಿಗಳ ನಡುವಿನ ಅಂತರಕ್ಕಿಂತ ಶಾಕಿನ ಮುಚ್ಚಿದ ಉದ್ದ ಕನಿಷ್ಠ ಒಂದು ಸೆಂ.ಮೀ. ಕಡಿಮೆ ಇರಬೇಕು. ಇಲ್ಲದಿದ್ದರೆ ಬಂಪ್ ಸ್ಟಾಪಿನ ಕೆಲಸವನ್ನು ಶಾಕ್ ಮಾಡಿ, ಅದರ ಬ್ರ್ಯಾಕೆಟ್ ಕಿತ್ತು ಬರುತ್ತದೆ.

ಕಾನೂನಿನ ಅಂಶವನ್ನೂ ಹೇಳಬೇಕು. ಸವೆದ ಭಾಗಕ್ಕೆ ಅದೇ ಅಳತೆಯ ಭಾಗ ಹಾಕುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ತಯಾರಕರು ನೀಡಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಲಿಫ್ಟ್ ಮಾಡಿಸುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಲಿಖಿತವಾಗಿ ವಿಚಾರಿಸಿ.

ಪ್ರಶ್ನೆ: ನಮ್ಮದು 2014ರ ಥಾರ್. ಮುಂಭಾಗ ತಗ್ಗಾಗಿದೆ. ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಬೋಲ್ಟ್ ತಿರುಗಿಸಿದರೆ ಎತ್ತರವೂ ಗಟ್ಟಿತನವೂ ಬರುತ್ತದೆಯಂತೆ, ಹೌದೇ? — ಓದುಗರು, ಶಿವಮೊಗ್ಗ

ಉತ್ತರ: ಎತ್ತರ ಬರುತ್ತದೆ, ಗಟ್ಟಿತನ ಬರುವುದಿಲ್ಲ. ಬಾರ್‌ನ ಗಡಸುತನ ಅದರ ದಪ್ಪ ಮತ್ತು ಉದ್ದದಿಂದ ನಿರ್ಧಾರವಾಗುತ್ತದೆಯೇ ಹೊರತು ಬೋಲ್ಟಿನಿಂದಲ್ಲ. ಸವಾರಿ ಒರಟಾದಂತೆ ಅನ್ನಿಸುವುದು ಚಕ್ರ ಕೆಳಗಿಳಿಯುವ ಜಾಗ ಮುಗಿದು ಇಳಿತದ ತಡೆಗೆ ಬಡಿಯುವುದರಿಂದ. ಕಂಪನಿ ಹೇಳಿದ ಎತ್ತರಕ್ಕೆ ಮರಳಿಸುವಷ್ಟು ಮಾತ್ರ ತಿರುಗಿಸಿ, ಎರಡೂ ಕಡೆ ಅಳೆದು, ನಂತರ ಅಲೈನ್‌ಮೆಂಟ್ ಮಾಡಿಸಿ. ಬಾರ್ ಬಿಚ್ಚುವ ಸಂದರ್ಭ ಬಂದರೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೇ ಹೋಗಬೇಕು, ತುದಿಯಲ್ಲಿ ಗುರುತಿರುತ್ತದೆ.

ಪ್ರಶ್ನೆ: ಜಿಮ್ನಿಗೆ ಸ್ಪ್ರಿಂಗ್ ಬದಲಿಸಿ ಎತ್ತರ ಮಾಡಿಸಿದ ಮೇಲೆ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತಿದೆ, ಒಂದು ಕಡೆಯ ಟೈರ್ ಹೆಚ್ಚು ಹೊರಗೆ ಬಂದಂತಿದೆ. ಸ್ಪ್ರಿಂಗ್ ತಪ್ಪಾಗಿ ಬಂದಿದೆಯೇ? — ಓದುಗರು, ಉಡುಪಿ

ಉತ್ತರ: ಸ್ಪ್ರಿಂಗಿನ ದೋಷವಲ್ಲ. ಜಿಮ್ನಿಯ ಆಕ್ಸಲನ್ನು ಪಕ್ಕಕ್ಕೆ ಸರಿಯದಂತೆ ಹಿಡಿದಿರುವುದು ಒಂದು ತುದಿ ಚಾಸಿಗೂ ಇನ್ನೊಂದು ತುದಿ ಆಕ್ಸಲಿಗೂ ಕೂತಿರುವ ಪ್ಯಾನ್‌ಹಾರ್ಡ್ ರಾಡ್. ಅದರ ಉದ್ದ ಬದಲಾಗದು. ಗಾಡಿ ಎದ್ದಾಗ ರಾಡ್ ಹೆಚ್ಚು ಇಳಿಜಾರಾಗಿ, ಬಾವಿಯ ಏತ ವೃತ್ತದಲ್ಲಿ ಚಲಿಸುವಂತೆ ಆಕ್ಸಲನ್ನು ಒಂದು ಮಗ್ಗುಲಿಗೆ ಎಳೆದುಕೊಳ್ಳುತ್ತದೆ. ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡುಗಳನ್ನು ಮುಂದಕ್ಕೂ ಹಿಂದಕ್ಕೂ ಹಾಕಿಸಿ ಆಕ್ಸಲನ್ನು ನಡುವಿಗೆ ತನ್ನಿ. ಮೊದಲು ಆಕ್ಸಲ್, ನಂತರ ಡ್ರ್ಯಾಗ್ ಲಿಂಕ್ ಹೊಂದಿಸಿ ಸ್ಟೀರಿಂಗ್ ನೇರ ಮಾಡುವುದು; ಈ ಕ್ರಮ ತಿರುಗಮುರುಗ ಆದರೆ ಎರಡು ಬಾರಿ ಕೂಲಿ ಕೊಡಬೇಕಾದೀತು. ಸ್ಟೀರಿಂಗ್ ಚಕ್ರವನ್ನೇ ಬಿಚ್ಚಿ ನೇರವಾಗಿ ಕೂರಿಸಿಕೊಡುತ್ತೇವೆ ಎಂದವರ ಮಾತು ಕೇಳಬೇಡಿ, ಆಗ ಬಾಕ್ಸಿನ ನಡುಬಿಂದು ತಪ್ಪಿಹೋಗುತ್ತದೆ. ಡ್ರ್ಯಾಗ್ ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡ್ ಎದುರಿನಿಂದ ನೋಡಿದಾಗ ಆದಷ್ಟು ಸಮಾನಾಂತರವಾಗಿರಬೇಕು. ಒಂದನ್ನು ಮಾತ್ರ ಬ್ರ್ಯಾಕೆಟ್ ಕೊಟ್ಟು ಇಳಿಸಿದರೆ ಪ್ರತಿ ಹೊಂಡದಲ್ಲೂ ಸ್ಟೀರಿಂಗ್ ತಾನಾಗಿ ತಿರುಗುತ್ತದೆ.

ಪ್ರಶ್ನೆ: ಬುಷ್‌ಗಳಿಗೆ ರಬ್ಬರೋ ಪಾಲಿಯುರಿಥೇನೋ? — ಓದುಗರು, ಶಿರಸಿ

ಉತ್ತರ: ಕಾಡುದಾರಿಗೆ ರಬ್ಬರ್. ಪಾಲಿಯುರಿಥೇನ್ ಹೆಚ್ಚು ಬಾಳುತ್ತದೆ, ಎಣ್ಣೆಗೆ ಹೆದರುವುದಿಲ್ಲ. ಆದರೆ ಒಂದು ಚಕ್ರ ಮೇಲೆ ಇನ್ನೊಂದು ಕೆಳಗೆ ಇರುವಾಗ ಪಟ್ಟಿಯೂ ತೋಳೂ ಸ್ವಲ್ಪ ತಿರುಚಿಕೊಳ್ಳಬೇಕು, ಅದಕ್ಕೆ ರಬ್ಬರ್ ಒಪ್ಪುವಷ್ಟು ಪಾಲಿಯುರಿಥೇನ್ ಒಪ್ಪುವುದಿಲ್ಲ. ಗ್ರೀಸ್ ಒಣಗಿದರೆ ಕಿರುಗುಡುತ್ತದೆ ಕೂಡ. ರಬ್ಬರಿಗೆ ಉಕ್ಕಿನ ಕೊಳವೆ ಅಂಟಿಸಿದ ಬುಷ್ ಹಾಕುವಾಗ ಒಂದು ಎಚ್ಚರ: ಬೋಲ್ಟನ್ನು ಜಾಕಿಯ ಮೇಲೆ, ಚಕ್ರ ಜೋತಾಡುತ್ತಿರುವಾಗ ಕೊನೆಯ ಬಿಗಿ ಮಾಡಬಾರದು. ಗಾಡಿ ನೆಲಕ್ಕಿಳಿದು ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. 'ಹೊಸ ಬುಷ್ ನಕಲಿ' ಎಂದು ಅಂಗಡಿಯವರನ್ನು ಬೈಯುವ ಪ್ರಸಂಗಗಳಲ್ಲಿ ಹಲವು ಇದೇ ತಪ್ಪಿನಿಂದ ಹುಟ್ಟಿದವು.

ಪ್ರಶ್ನೆ: ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಟೈರಾಡ್ ಎಂಡ್‌ಗೆ ಮೂರು ಅಂಗಡಿಯಲ್ಲಿ ಮೂರು ಬೆಲೆ ಹೇಳಿದರು. ಡಬ್ಬಿಯ ಮೇಲೆ ಹೆಸರು ಒಂದೇ. ಅಸಲಿಯನ್ನು ಗುರುತಿಸುವುದು ಹೇಗೆ? — ಓದುಗರು, ತುಮಕೂರು

ಉತ್ತರ: ಡಬ್ಬಿಯನ್ನು ನೋಡಿ ಗುರುತಿಸುವುದು ದಿನೇ ದಿನೇ ಕಷ್ಟವಾಗುತ್ತಿದೆ, ಏಕೆಂದರೆ ನಕಲು ಮಾಡುವವರು ಮೊದಲು ಕಲಿಯುವುದೇ ಡಬ್ಬಿ ಮುದ್ರಿಸುವುದನ್ನು. ಆದುದರಿಂದ ಡಬ್ಬಿಯೊಳಗಿನದನ್ನು ಪರೀಕ್ಷಿಸಿ. ಚೆನ್ನೈನ ರಾಣೆಯಂತಹ ಹಳೆಯ ತಯಾರಕರ ಟೈರಾಡ್ ಎಂಡ್ ಮೇಲೆ ಹೆಸರೂ ಸಂಖ್ಯೆಯೂ ಲೋಹದಲ್ಲೇ ಅಚ್ಚಾಗಿರುತ್ತದೆ, ಅಂಚುಗಳು ಸ್ಪಷ್ಟವಾಗಿರುತ್ತವೆ. ಬಾಲ್ ಕಡ್ಡಿಯನ್ನು ಬೆರಳಿನಿಂದ ತಿರುಗಿಸಿ: ಒಂದೇ ಸಮನಾದ ಬಿಗಿಯೊಂದಿಗೆ ನಯವಾಗಿ ತಿರುಗಬೇಕು. ತನ್ನ ಭಾರಕ್ಕೆ ತಾನೇ ವಾಲಿಬಿದ್ದರೆ ಹೊಸದಾಗಿದ್ದರೂ ಬೇಡ. ತಡೆತಡೆದು ತಿರುಗಿದರೆ ಅದೂ ಬೇಡ. ರಬ್ಬರ್ ಟೋಪಿಯನ್ನು ಹಿಂಡಿ ನೋಡಿ, ಬೆರಳು ತೆಗೆದೊಡನೆ ಆಕಾರಕ್ಕೆ ಮರಳಬೇಕು. ಮಲೆನಾಡಿನ ಕೆಸರಿನಲ್ಲಿ ಟೈರಾಡ್ ಎಂಡಿನ ಆಯುಷ್ಯವೆಂದರೆ ಆ ಟೋಪಿಯ ಆಯುಷ್ಯ.

ಹಳೆಯದನ್ನು ಜೊತೆಗೆ ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಕಡ್ಡಿಯ ಇಳಿಮೊನೆಯ ಓರೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನೋಡಲು ಒಂದೇ ತೆರನಾಗಿ ಕಾಣುವ ಎರಡು ಕಡ್ಡಿಗಳಲ್ಲಿ ಒಂದು ತೂತಿನಲ್ಲಿ ಪೂರ್ತಿ ಕೂರುತ್ತದೆ, ಇನ್ನೊಂದು ಅಂಚಿನಲ್ಲಿ ಮಾತ್ರ ಹಿಡಿಯುತ್ತದೆ. ಅನುಮಾನವಿದ್ದರೆ ಕಡ್ಡಿಯ ಮೇಲೆ ಪೆನ್ಸಿಲಿನಿಂದ ಉದ್ದುದ್ದ ಗೆರೆ ಎಳೆದು ತೂತಿನಲ್ಲಿಟ್ಟು ಒತ್ತಿ ತಿರುಗಿಸಿ ತೆಗೆಯಿರಿ. ಗೆರೆಗಳು ಉದ್ದಕ್ಕೂ ಅಳಿಸಿದ್ದರೆ ಸರಿಯಾಗಿ ಕೂತಿದೆ; ಒಂದು ತುದಿಯಲ್ಲಿ ಮಾತ್ರ ಅಳಿಸಿದ್ದರೆ ಆ ಭಾಗ ತಮ್ಮ ಗಾಡಿಯದಲ್ಲ. ನನ್ನ ಗಾಡಿಗೇ ಒಮ್ಮೆ ಒಬ್ಬ ಕೆಲಸಗಾರ ಓರೆ ಹೊಂದದ ಕಡ್ಡಿಯನ್ನು ನಟ್ಟಿನ ಬಲದಿಂದ ಎಳೆದು ಕೂರಿಸಿದ್ದ. ತೂತು ಅಂಡಾಕಾರವಾಗಿ ಕೊನೆಗೆ ನಕಲ್ ತೋಳನ್ನೇ ಬದಲಿಸಬೇಕಾಯಿತು.

ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತಿಗೆ ಬಿಚ್ಚಿತೆಂದು ಎಣಿಸಿಟ್ಟುಕೊಳ್ಳಿ. ಹೊಸದನ್ನು ಅಷ್ಟೇ ಸುತ್ತು ಕೂರಿಸಿದರೆ ಅಲೈನ್‌ಮೆಂಟ್ ಅಂಗಡಿಯವರೆಗೆ ಗಾಡಿ ನೇರವಾಗಿ ಹೋಗುತ್ತದೆ. ಒಂದು ತುದಿಯ ಎಳೆ ಬಲಸುತ್ತಾದರೆ ಇನ್ನೊಂದು ತುದಿಯದು ಎಡಸುತ್ತು ಎಂಬುದನ್ನು ಕೊಳ್ಳುವಾಗಲೂ ನೆನಪಿಡಿ. ನಟ್ಟನ್ನು ಹೇಳಿದ ಬಿಗಿಗೆ ತಂದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಮುಂದಕ್ಕೆ ಬಿಗಿದು ಹೊಂದಿಸಬೇಕು, ಹಿಂದಕ್ಕೆ ಸಡಿಲಿಸಬಾರದು. ಪಿನ್ ಹೊಸದಿರಲಿ. ತಂತಿಯ ತುಂಡು, ಮೊಳೆ ಬೇಡ. ಚಾಸಿಗೆ ಸ್ಟೀರಿಂಗ್ ಬಾಕ್ಸನ್ನು ಹಿಡಿಯುವ ಬೋಲ್ಟುಗಳನ್ನು ಬದಲಿಸುವಾಗ ತಲೆಯ ಮೇಲಿನ ಅಂಕಿಯನ್ನು ಓದಿ, ಹಳೆಯದರಲ್ಲಿ 10.9 ಎಂದಿದ್ದರೆ ಹೊಸದೂ 10.9 ಇರಬೇಕು, ಅಂಕಿಯೇ ಇಲ್ಲದ ಬೋಲ್ಟನ್ನು ಗೇಟಿಗೆ ಬಳಸಿ, ಸ್ಟೀರಿಂಗಿಗೆ ಬೇಡ.

ಇನ್ನು ಮೂರು ಬೆಲೆಗಳ ಪೈಕಿ ಯಾವುದನ್ನು ಆರಿಸಬೇಕು? ಬಿಲ್ ಕೊಡುವ ಅಂಗಡಿಯದು. ಪಕ್ಕಾ ಬಿಲ್ಲಿನ ಮೇಲೆ ಭಾಗದ ಸಂಖ್ಯೆ ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿ ಉಳಿತಾಯಕ್ಕೆಂದು ಸ್ಟೀರಿಂಗ್ ಭಾಗವನ್ನು ನಾನಂತೂ ಕೊಳ್ಳುವುದಿಲ್ಲ.